ಇಳಕಲ್ಲಿನಲ್ಲಿ ನಾನು ಕೊಟ್ಟ ಅರ್ಧ ಔಷಧ

2004ನೆಯ ಇಸವಿ. ಬಾಗಲಕೋಟೆ ಹೊಸ ಜಿಲ್ಲೆಯಾಗಿ ಏಳು ವರ್ಷವಾಗಿತ್ತು. ನಾನು ಸರಕಾರಿ ನೌಕರಿ ಬಿಟ್ಟು ಇಳಕಲ್ಲಿನಲ್ಲಿ ಸ್ವಂತ ದವಾಖಾನೆ ತೆರೆದೂ ಅಷ್ಟೇ ವರ್ಷ. ಅದಕ್ಕೂ ಮೊದಲು ಒಂಬತ್ತು ವರ್ಷ ಬಾದಾಮಿ ತಾಲೂಕಿನ ಹಳ್ಳಿಗಳಲ್ಲಿ, ಕುಳಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸುತ್ತ ಕಳೆದಿದ್ದೆ. ಬೋರ್ಡಿನ ಮೇಲೆ ಎಂ.ಡಿ. ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ನನ್ನ ಜಂಬ ಆ ಅಕ್ಷರಗಳಿಗಿಂತ ಒಂದು ಗೇಣು ಹೆಚ್ಚೇ ಇತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಿಡದ ಜ್ವರ, ಇವುಗಳಲ್ಲಿ ಕೈಗುಣ ಚಲೋ ಇದೆ ಎಂದು ಹುನಗುಂದದಿಂದಲೂ ಜನ ಬರುತ್ತಿದ್ದರು. ಮಾತೆತ್ತಿದರೆ ಸಿಟ್ಟು ಮಾಡುವ ಡಾಕ್ಟರ್ ಎಂಬ ಹೆಸರೂ ಇತ್ತು. ಎರಡೂ ಖರೆ.

ನಾನು ಹೇಳಹೊರಟಿರುವುದು ಗಂಡಸಿನ ಲೈಂಗಿಕ ದೌರ್ಬಲ್ಯದ ಒಂದು ಕೇಸು. ನಮ್ಮ ವೃತ್ತಿಯಲ್ಲಿ ಇದಕ್ಕೆ ಎರೆಕ್ಟೈಲ್ ಡಿಸ್‌ಫಂಕ್ಷನ್ ಎನ್ನುತ್ತೇವೆ. ಕೂಡುವ ಹೊತ್ತಿಗೆ ನಿಮಿರುವಿಕೆ ಬಾರದಿರುವುದು, ಬಂದರೂ ನಿಲ್ಲದಿರುವುದು. ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯಿಂದಲೇ ಈ ಕೇಸು ಹಾಳಾಗುವುದರಲ್ಲಿತ್ತು, ಮತ್ತು ಆ ನಾಚಿಕೆ ರೋಗಿಯದು ಮಾತ್ರವಲ್ಲ, ನನ್ನದೂ ಆಗಿತ್ತು. ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಆ ಮನೆಯವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಸಂಕ್ರಾಂತಿ ಮುಗಿದ ವಾರ ಶಂಕ್ರಪ್ಪ ಎಂಬ ನೇಕಾರ ಬಂದ. ವಯಸ್ಸು 41. ಮನೆಯಲ್ಲೇ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿ ಮಗ್ಗದಲ್ಲಿ ಇಳಕಲ್ ಸೀರೆ ನೇಯುವವನು. ಹೆಂಡತಿ ಪಾರವ್ವ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಯ ಮಗಳು. ಇಬ್ಬರು ಹೆಣ್ಣುಮಕ್ಕಳು. ಮೊದಲ ದಿನ ಹೊಟ್ಟೆಯಲ್ಲಿ ಗ್ಯಾಸ್ ಎಂದ, ಗುಳಿಗೆ ಕೊಟ್ಟೆ. ಮೂರನೆಯ ದಿನ ಸೊಂಟ ಹಿಡಿದಿದೆ ಎಂದ, ಮುಲಾಮು ಬರೆದೆ. ಮುಂದಿನ ವಾರ ಬಂದು ಟಾನಿಕ್ ಬೇಕು ಎಂದ. ಟಾನಿಕ್ ಕುಡಿಯುವುದೇ ಒಂದು ಚಟವೇನು, ರೋಗ ಏನೆಂದು ನೆಟ್ಟಗೆ ಹೇಳುವುದಿಲ್ಲವೇನು ಎಂದು ಗದರಿದೆ. ನನ್ನ ಕೋಣೆಗೆ ಆಗ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು. ಅದರಾಚೆ ಬೆಂಚಿನ ಮೇಲೆ ಹತ್ತು ಜನ ಕೂತಿರುತ್ತಿದ್ದರು. ಶಂಕ್ರಪ್ಪ ಪರದೆಯನ್ನೊಮ್ಮೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ನೆಲ ನೋಡುತ್ತ ಹೇಳಿದ.

"ಎರಡು ವರ್ಷಾತ್ರಿ ಸಾಹೇಬ್ರ, ನಾ ಮಗ್ಗದ ಖೋಲ್ಯಾಗ ಒಬ್ಬನ ಮಲಗತೇನಿ."

ಅಷ್ಟರಲ್ಲೇ ಎಲ್ಲ ತಿಳಿಯಿತು. ನನಗೂ ಒಳಗೊಳಗೆ ಹುಮ್ಮಸ್ಸು ಬಂತು. ಯಾಕೆಂದರೆ ಸಿಲ್ಡೆನಾಫಿಲ್ ಎಂಬ ಗುಳಿಗೆಯನ್ನು ನಮ್ಮ ದೇಶದ ಕಂಪನಿಗಳೂ ಮಾಡತೊಡಗಿ ಎರಡು ಮೂರು ವರ್ಷವಾಗಿತ್ತು. ನಮ್ಮೂರಿನ ಮೆಡಿಕಲ್ ಅಂಗಡಿಗೂ ಅದು ಬಂದಿತ್ತು. ಅದನ್ನು ಬರೆದು ಐದಾರು ಜನರಿಗೆ ಗುಣ ಕಂಡಿದ್ದೆ. ಶಂಕ್ರಪ್ಪನ ಸಕ್ಕರೆ ನೋಡಿದೆ, ಸರಿಯಿತ್ತು. ಬಿ.ಪಿ. ಸರಿಯಿತ್ತು. ಎದೆನೋವಿಗೆ ನೈಟ್ರೇಟ್ ಗುಳಿಗೆ ತಗೊಳ್ಳುವವರಿಗೆ ಇದನ್ನು ಕೊಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ, ಅದನ್ನೂ ಕೇಳಿಕೊಂಡೆ. ಕುಡಿತವಿಲ್ಲ, ಬೀಡಿಯಿಲ್ಲ. 50 ಮಿಲಿಗ್ರಾಂ ಬರೆದು, ಹೊಟ್ಟೆ ತುಂಬ ಉಂಡ ಮೇಲೆ ಬೇಡ, ಒಂದು ತಾಸು ಮೊದಲು ತಗೋ ಎಂದು ಹೇಳಿ ಕಳಿಸಿದೆ. ಒಂದು ಕೆಲಸ ಮಾತ್ರ ಮಾಡಲಿಲ್ಲ. ಅವನನ್ನು ಮಲಗಿಸಿ, ಧೋತರ ಸರಿಸಿ, ಪರೀಕ್ಷೆ ಮಾಡಲಿಲ್ಲ. ಪರದೆಯಾಚೆ ಜನ ಇದ್ದಾರೆ, ಅವನಿಗೆ ಮುಜುಗರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಜುಗರ ನನಗೂ ಇತ್ತು.

ಹದಿನೈದು ದಿನಕ್ಕೆ ಬಂದ, ಗುಣವಿಲ್ಲ. 100 ಮಿಲಿಗ್ರಾಂಗೆ ಏರಿಸಿದೆ. ಫೆಬ್ರವರಿ ಕೊನೆಗೆ ಬಂದ, ಆಗಲೂ ಇಲ್ಲ. ನನ್ನ ಗುಳಿಗೆ ನಾಟದೇ ಇರುವುದು ನನಗೆ ಅವಮಾನವೆನಿಸಿತು. ದೇಹದಲ್ಲಿ ಏನೂ ಇಲ್ಲ, ಇದೆಲ್ಲ ಮನಸ್ಸಿನದು, ಚಿಂತೆ ಬಿಡು ಎಂದು ಹೇಳಿ ಕಳಿಸಿದೆ. ಡಾಕ್ಟರಿಗೆ ತಿಳಿಯದ್ದನ್ನೆಲ್ಲ ರೋಗಿಯ ಮನಸ್ಸಿನ ಮೇಲೆ ಹಾಕುವುದು ಬಹಳ ಸುಲಭ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿಯ ಮಾತು.

ಏಪ್ರಿಲ್ ಎರಡನೆಯ ವಾರ ಪಾರವ್ವ ತನ್ನ ಅಣ್ಣ ಮಲ್ಲೇಶಪ್ಪನ ಜೊತೆ ನೇರ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. ಸರದಿ ಕಾಯಲಿಲ್ಲ. ಕೂರಲೂ ಇಲ್ಲ.

"ಡಾಕ್ಟ್ರ, ನನ್ನ ಗಂಡನ ಮೈಯಾಗ ಏನೂ ಇಲ್ಲ, ಮನಸ್ಸಿನ್ಯಾಗ ಐತಿ ಅಂತ ನೀವ ಹೇಳೀರಂತ. ಹೌದೇನ್ರಿ?"

ಹೌದು ಎಂದೆ.

"ಹಂಗಾರ ಆ ಮನಸ್ಸಿನ್ಯಾಗ ಇರಾಕಿ ಯಾರಂತ ಕೇಳಿ ಹೇಳ್ರಿ."

ನನ್ನ ಒಂದು ಮಾತು ಒಂದು ಮನೆಯಲ್ಲಿ ಏನೆಲ್ಲ ಕೆಲಸ ಮಾಡಿತ್ತು ಎಂದು ಆಗ ಗೊತ್ತಾಯಿತು. ಶಂಕ್ರಪ್ಪ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೆಂಡತಿಗೆ ಹೇಳಿದ್ದ. ಅವಳು ಹದಿನೈದು ದಿನದಿಂದ ತವರಿನಲ್ಲಿದ್ದಳು. ಅವನು ಊರೇ ಬಿಟ್ಟು ಮಹಾರಾಷ್ಟ್ರದ ಇಚಲಕರಂಜಿಯ ಪವರ್‌ಲೂಮಿಗೆ ಹೋಗುವ ಮಾತಾಡುತ್ತಿದ್ದನಂತೆ. ಅದು ಅವಳ ಅನುಮಾನದ ಬೆಂಕಿಗೆ ಇನ್ನಷ್ಟು ತುಪ್ಪ ಹೊಯ್ದಿತ್ತು. ಬರುವ ಅಮಾವಾಸ್ಯೆಗೆ, ಮಗ್ಗಗಳು ನಿಲ್ಲುವ ದಿನ, ಗುಳೇದಗುಡ್ಡದಲ್ಲಿ ಹಿರಿಯರು ಕೂಡುವವರಿದ್ದರು. ಅಲ್ಲಿ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬೇರೆಯಾದರೆಂಬ ಬಿಡುಗಡೆ ಪತ್ರ ಬರೆಸುವುದೆಂದು ಮಲ್ಲೇಶಪ್ಪ ಗಟ್ಟಿ ಮಾಡಿದ್ದ. ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು.

ಮಲ್ಲೇಶಪ್ಪನನ್ನು ಹೊರಗೆ ಕೂರಿಸಿದೆ. ಗಂಡನ ಕಾಯಿಲೆ ಏನೆಂದು ಅವನ ಒಪ್ಪಿಗೆಯಿಲ್ಲದೆ ಅವಳಿಗೆ ಹೇಳುವ ಹಾಗಿರಲಿಲ್ಲ, ಆದರೆ ಕೇಳಬಹುದಿತ್ತು. ಈ ಮೊದಲು ಅವನಿಗೆ ದೊಡ್ಡ ಜಡ್ಡು ಏನಾದರೂ ಆಗಿತ್ತೇ ಎಂದೆ. ಏನೂ ಇಲ್ಲ ಎಂದಳು. ಹಾಸಿಗೆ ಹಿಡಿದಿದ್ದು, ಮಗ್ಗ ನಿಲ್ಲಿಸಿದ್ದು? ಬೆರಳು ಮಡಿಚಿ ಲೆಕ್ಕ ಹಾಕಿ ಹೇಳಿದಳು.

"ಸಣ್ಣಾಕಿ ಎಂಟು ತಿಂಗಳ ಕೂಸಿದ್ದಾಗ ಮಂಗನಬಾವು ಆಗಿತ್ರಿ. ಅದೇನ ಜಡ್ಡಲ್ಲ. ನನ್ನ ಬಂಗಾರದ ಸರ ಕೊಳ್ಳಾಗ ಹಾಕೀನಿ, ಒಂಬತ್ತು ದಿನಕ್ಕ ಹ್ವಾತು."

ಮಂಗನಬಾವು ಎಂದರೆ ಮಂಪ್ಸ್, ಕೆನ್ನೆಯ ಕೆಳಗೆ ಗದ್ದ ಊದಿಕೊಳ್ಳುವ ಸೋಂಕು. ಅದಾದರೆ ಬಂಗಾರದ ಸರ ಹಾಕಿಕೊಳ್ಳುವುದು ನಮ್ಮ ಕಡೆಯ ರೂಢಿ. ಹೆಣ್ಣುಮಕ್ಕಳ ಸರ ಹಾಕಿಕೊಂಡು ಗಂಡಸರು ಮನೆಯೊಳಗೆ ಕೂರುತ್ತಾರೆ, ನೋಡಿದವರು ನಗುತ್ತಾರೆ, ಎಂಟು ಹತ್ತು ದಿನಕ್ಕೆ ಬಾವು ತಾನೇ ಇಳಿಯುತ್ತದೆ, ಕೀರ್ತಿ ಬಂಗಾರಕ್ಕೆ ಹೋಗುತ್ತದೆ. ಸಣ್ಣ ಮಕ್ಕಳಲ್ಲಿ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ದೊಡ್ಡ ಗಂಡಸರಲ್ಲಿ ಮಾತ್ರ ಅದು ಕೆಲವೊಮ್ಮೆ ವೃಷಣಗಳಿಗೆ ಇಳಿಯುತ್ತದೆ. ಗದ್ದದ ಬಾವು ಇಳಿದ ಮೇಲೆ ಮತ್ತೇನಾದರೂ ಆಯಿತೇ ಎಂದು ಕೇಳಿದೆ. ಪಾರವ್ವ ಸೆರಗಿನ ಅಂಚನ್ನು ತಿರುವುತ್ತ, ಮೊದಲ ಸಲ ದನಿ ಇಳಿಸಿ, ಕೆಳಗೆ ಎರಡೂ ಕಡೆ ಬಾತಿತ್ತು, ನಾಲ್ಕು ದಿನ ನಡೆಯಲಾಗಲಿಲ್ಲ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ ಎಂದಳು. ಮಗ್ಗ ನಿಂತಿದ್ದು ಗದ್ದದಿಂದಲ್ಲ, ಅದರಿಂದ. ಸರ ಕೊರಳಲ್ಲೇ ಇತ್ತಲ್ಲ, ಅದೂ ಅದರಿಂದಲೇ ಇಳಿಯಿತು ಎಂದು ಇಬ್ಬರೂ ನಂಬಿ ಮರೆತುಬಿಟ್ಟಿದ್ದರು. ಆಮೇಲೆ ಮತ್ತೊಂದು ಮಗುವಾಗಲಿಲ್ಲ.

ಮರುದಿನ ದವಾಖಾನೆಯನ್ನು ಒಂದು ತಾಸು ಬಂದ್ ಮಾಡಿ ಶಂಕ್ರಪ್ಪನನ್ನು ಕರೆಸಿ ಮಲಗಿಸಿ ನೋಡಿದೆ. ಎರಡೂ ವೃಷಣಗಳು ಚಿಕ್ಕದಾಗಿ, ಮೆತ್ತಗಾಗಿದ್ದವು. ಮುಖ ನೋಡಿದೆ, ಗಡ್ಡ ತೆಳುವಾಗಿತ್ತು. ಹದಿನೈದು ದಿನಕ್ಕೊಮ್ಮೆ ಕ್ಷೌರ ಮಾಡಿಸಿದರೆ ಸಾಕಾಗುತ್ತದೆ, ಅದು ಒಳ್ಳೆಯದೇ ಅಂದುಕೊಂಡಿದ್ದೆ ಎಂದ. ವಾರಕ್ಕೆ ಎರಡು ಸೀರೆ ಇಳಿಸುತ್ತಿದ್ದವನು ಒಂದಕ್ಕೆ ಬಂದಿದ್ದ, ಮಧ್ಯಾಹ್ನವಾದರೆ ಮಗ್ಗದ ಮೇಲೆಯೇ ತೂಕಡಿಕೆ. ಹೆಂಡತಿಯ ಮೇಲೆ ಆಸೆ ಹುಟ್ಟುತ್ತದೆಯೇ ಎಂದು ಕೇಳಿದೆ. ಪ್ರೀತಿ ಇದೆ, ಆಸೆ ಅನ್ನುವುದು ಏನೆಂದೇ ಮರೆತುಹೋಗಿದೆ ಎಂದ. ಜನವರಿಯಲ್ಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಐದು ನಿಮಿಷದ ಪರೀಕ್ಷೆ ಮಾಡಿದ್ದರೆ ಆ ಹೆಣ್ಣುಮಗಳು ತವರಿಗೆ ಹೋಗುತ್ತಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಅವತ್ತು ಯಾರ ಮೇಲೂ ಹಾಕಲಾಗಲಿಲ್ಲ.

ಈಗ ರಕ್ತ ಪರೀಕ್ಷೆ. ಟೆಸ್ಟೊಸ್ಟೆರಾನ್ ಎಂಬುದು ವೃಷಣದಲ್ಲಿ ಹುಟ್ಟುವ ಗಂಡಸಿನ ಹಾರ್ಮೋನು. ಗಡ್ಡ, ಸ್ನಾಯು, ಹುರುಪು, ಆಸೆ ಎಲ್ಲಕ್ಕೂ ಅದೇ ಮೂಲ. ಅದರ ಪ್ರಮಾಣ ಬೆಳಗ್ಗೆ ಹೆಚ್ಚಿರುವುದರಿಂದ ಹತ್ತು ಗಂಟೆಯೊಳಗೆ ರಕ್ತ ತೆಗೆಯಬೇಕು. ಒಂದೇ ಸಲ ನೋಡಿ ತೀರ್ಮಾನಿಸಬಾರದು, ಬೇರೆ ದಿನ ಮತ್ತೊಮ್ಮೆ ನೋಡಬೇಕು. ಆಗ ಬಾಗಲಕೋಟೆಯ ಒಂದು ಲ್ಯಾಬಿನವರು ಸ್ಯಾಂಪಲ್ಲನ್ನು ಮುಂಬೈಗೆ ಕಳಿಸುತ್ತಿದ್ದರು. ಎರಡು ದಿನ, ಬೆಳಗ್ಗೆ ಎಂಟಕ್ಕೆ ನಾನೇ ರಕ್ತ ತೆಗೆದು, ಚಹದ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಅದರೊಳಗೆ ಟ್ಯೂಬ್ ಇಟ್ಟು ಅವನ ಕೈಗೇ ಕೊಟ್ಟು ಬಸ್ಸು ಹತ್ತಿಸಿದೆ. ಹುನಗುಂದದಲ್ಲಿ ಹತ್ತಿದ ಮುದುಕನೊಬ್ಬ, ಚಹಾ ಒಬ್ಬನೇ ಕುಡಿಯುತ್ತೀಯಾ, ನನಗೂ ಒಂದು ಗುಟುಕು ಹಾಕು ಎಂದು ಬಾಗಲಕೋಟೆಯವರೆಗೂ ಅವನ ಬೆನ್ನು ಬಿಡಲಿಲ್ಲವಂತೆ.

ವರದಿ ಬಂತು. ಆ ಲ್ಯಾಬಿನ ಪ್ರಕಾರ ಡೆಸಿಲೀಟರಿಗೆ 300ರಿಂದ 1000 ನ್ಯಾನೊಗ್ರಾಂ ಇರಬೇಕಾದ ಟೆಸ್ಟೊಸ್ಟೆರಾನ್ ಒಮ್ಮೆ 142, ಮತ್ತೊಮ್ಮೆ 156. ವೃಷಣಕ್ಕೆ ಕೆಲಸ ಮಾಡು ಎಂದು ಮೆದುಳಿನ ಬುಡದಿಂದ ಬರುವ ಎಲ್.ಎಚ್. ಎಂಬ ಹಾರ್ಮೋನು ಇರಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚು. ಮೇಲಿನಿಂದ ಕೂಗುತ್ತಿದ್ದಾರೆ, ಕೆಳಗೆ ಕೇಳುವವರಿಲ್ಲ ಎಂದು ಅದರ ಅರ್ಥ. ಬಾಗಲಕೋಟೆಯಲ್ಲಿದ್ದ ಹಿರಿಯ ಯುರಾಲಜಿಸ್ಟ್ ಒಬ್ಬರಿಗೆ ಫೋನು ಮಾಡಿದೆ. ಗುಳಿಗೆಯೊಂದೇ ಕೆಲಸ ಮಾಡದ ಇಂಥವರಿಗೆ ಹಾರ್ಮೋನು ಮತ್ತು ಗುಳಿಗೆ ಎರಡನ್ನೂ ಜೋಡಿಸಿ ಕೊಡುವ ಪದ್ಧತಿ ಬಂದಿದೆ, ವೈದ್ಯಕೀಯ ಪತ್ರಿಕೆಗಳಲ್ಲಿ ಓದುತ್ತಿದ್ದೇನೆ, ಧೈರ್ಯವಾಗಿ ಮಾಡು ಎಂದರು.

ಶಂಕ್ರಪ್ಪನಿಗೆ ತಿಳಿಸಿ ಹೇಳಿದೆ. ಸಿಲ್ಡೆನಾಫಿಲ್ ರಕ್ತನಾಳ ಸಡಿಲಿಸಿ ರಕ್ತ ಹರಿಸುತ್ತದೆ. ಆದರೆ ಅದು ಆಸೆ ಹುಟ್ಟಿಸುವುದಿಲ್ಲ. ಆಸೆ ಹುಟ್ಟಿ, ನರದಿಂದ ಸಂದೇಶ ಬಂದರೆ ಮಾತ್ರ ಅದಕ್ಕೆ ಕೆಲಸ, ಮತ್ತು ಆ ಸಂದೇಶ ಹೊರಡಲು ಟೆಸ್ಟೊಸ್ಟೆರಾನ್ ಬೇಕು. ಅವನು ಕೇಳಿಸಿಕೊಂಡು ತಲೆಯಾಡಿಸಿದ.

"ಅಂದ್ರ ನಾ ಎರಡು ತಿಂಗಳು ಹಾಸು ಇಲ್ಲದ ಮಗ್ಗಕ್ಕ ಲಾಳಿ ಒಗದೀನಿ ಅನ್ರಿ."

ಹಾಸಿನ ಉದ್ದದೆಳೆಯೇ ಇಲ್ಲದಿದ್ದರೆ ಅಡ್ಡದೆಳೆ ಒಯ್ಯುವ ಲಾಳಿಯನ್ನು ಎಷ್ಟು ಒಗೆದರೂ ಬಟ್ಟೆಯಾಗದು; ಅದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಿದ್ದನ್ನು ನಾನು ಕಾಣೆ. ಟೆಸ್ಟೊಸ್ಟೆರಾನ್ ಕೊಟ್ಟರೆ ರಕ್ತ ದಪ್ಪವಾಗಬಹುದು, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಡಗಿದ್ದರೆ ಕೆರಳಬಹುದು. ಅದಕ್ಕಾಗಿ ಆ ಎರಡನ್ನೂ ಮೊದಲೇ ಪರೀಕ್ಷಿಸಿದೆ, ಸರಿಯಿದ್ದವು. ಇದು ಬಹುಶಃ ಜನ್ಮಪೂರ್ತಿ ನಡೆಯಬೇಕಾದ ಔಷಧ, ಇದರಿಂದ ಮಕ್ಕಳಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಇರುವ ಇಬ್ಬರೇ ಸಾಕು, ಅವರ ಅವ್ವ ಮನೆಗೆ ಬಂದರೆ ಸಾಕು ಎಂದ. ಅಮಾವಾಸ್ಯೆಯ ಹಿಂದಿನ ದಿನ 250 ಮಿಲಿಗ್ರಾಂನ ಮೊದಲ ಇಂಜೆಕ್ಷನ್ ಕೊಟ್ಟೆ. ಮೂರು ವಾರಕ್ಕೊಂದರಂತೆ ಕೊಡಬೇಕು. ಗುಣ ಗೊತ್ತಾಗಲು ಮೂರರಿಂದ ಆರು ವಾರ ಬೇಕು. ಹಿರಿಯರು ಕೂಡುವುದು ನಾಳೆ!

ಅಮಾವಾಸ್ಯೆಯ ದಿನ ನಾನೂ ಅವನ ಜೊತೆ ಬಸ್ಸು ಹತ್ತಿದೆ. ಅಮೀನಗಡ ದಾಟಿದ ಮೇಲೆ ಅವನ ಒಪ್ಪಿಗೆ ಕೇಳಿದೆ, ಹಿರಿಯರ ಮುಂದೆ ಎಷ್ಟು ಹೇಳಲಿ? "ರೋಗದ ಹೆಸರ ಹೇಳ್ರಿ. ಅದು ಏನ್ ಮಾಡೈತಿ ಅನ್ನೂದು ಹೇಳಬ್ಯಾಡ್ರಿ. ಪಾರವ್ವಗ ಮಾತ್ರ ಎಲ್ಲಾ ಹೇಳ್ರಿ" ಎಂದ.

ಗುಳೇದಗುಡ್ಡದ ತವರುಮನೆಯ ಒಳಕೋಣೆಯಲ್ಲಿ ಶಂಕ್ರಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾರವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೊರಗೆ ಜಮಖಾನೆಯ ಮೇಲೆ ಏಳೆಂಟು ಹಿರಿಯರು ಕೂತಿದ್ದರು. ಮಲ್ಲೇಶಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತು ತೆಗೆದ; ಭಾವ ತಂಗಿಗೆ ಮೋಸ ಮಾಡಿದ್ದಾನೆ, ಡಾಕ್ಟರೇ ಹೇಳಿದ್ದಾರೆ, ಕೇಳಿ ಎಂದ. ನಾನು ಎದ್ದು ನಿಂತೆ.

"ಮನಸ್ಸಿಂದು ಅಂತ ಹೇಳಿದಾಂವ ನಾನ. ಅದು ನನ್ನ ತಪ್ಪು. ನೋಡಬೇಕಾದ್ದು ನೋಡದ ಹೇಳಿದೆ. ಇದು ಮಂಗನಬಾವಿನಿಂದ ಬಂದ ಮೈಯಾಗಿನ ರೋಗ. ಔಷಧ ನಿನ್ನೆ ಸುರು ಆಗೇತಿ."

ಮಲ್ಲೇಶಪ್ಪ ಬಿಡಲಿಲ್ಲ. ಒಮ್ಮೆ ತಪ್ಪು ಹೇಳಿದ ಡಾಕ್ಟರನ್ನು ಎರಡನೆಯ ಸಲ ಯಾಕೆ ನಂಬಬೇಕು ಎಂದ. ಅದು ನ್ಯಾಯವಾದ ಪ್ರಶ್ನೆ. ಎರಡು ಅಮಾವಾಸ್ಯೆಯ ಗಡುವು ಕೊಡಿ, ಗುಣ ಕಾಣದಿದ್ದರೆ ಸೋಡಚೀಟಿಗೆ ನಾನೇ ಬಂದು ಸಾಕ್ಷಿ ಸಹಿ ಹಾಕುತ್ತೇನೆ ಎಂದೆ. ಹಿರಿಯರು ತಮ್ಮತಮ್ಮಲ್ಲಿ ಮಾತಾಡಿ, ಗಡುವಿರಲಿ, ಅಲ್ಲಿಯವರೆಗೆ ಪಾರವ್ವ ತವರಿನಲ್ಲೇ ಇರಲಿ ಎಂದು ತೀರ್ಮಾನಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಪಾರವ್ವ ಬಾಯಿ ತೆರೆದಳು.

"ಔಷಧ ತಗೊಳ್ಳಾಂವ ಇಳಕಲ್ಲದಾಗ, ನಾ ಇಲ್ಲಿ. ಔಷಧ ಹತ್ತಿದ್ದು ಗೊತ್ತಾಗೂದು ಹೆಂಗ್ರಿ? ನಾ ಇವತ್ತ ಹೋಗ್ತೇನಿ."

ಹಿರಿಯರೆಲ್ಲ ಒಮ್ಮೆಲೇ ತೊಲೆ ಕಂಬ ನೋಡತೊಡಗಿದರು. ಒಬ್ಬ ಮುದುಕ ಕೆಮ್ಮಿದ. ರೋಗದ ಹೆಸರಷ್ಟೇ ಹೇಳಿ ಎಂದಿದ್ದ ಶಂಕ್ರಪ್ಪ ತಲೆ ತಗ್ಗಿಸಿ ಕೂತಿದ್ದವನು ನಕ್ಕುಬಿಟ್ಟ. ಸಾಯಂಕಾಲದ ಬಸ್ಸಿಗೆ ಮೂವರೂ ಇಳಕಲ್ಲಿಗೆ ಬಂದೆವು.

ಆ ಆರು ವಾರ ನಾನು ಪರೀಕ್ಷೆ ಬರೆದು ಫಲಿತಾಂಶ ಕಾಯುವವನ ಹಾಗಿದ್ದೆ. ಮೂರನೆಯ ವಾರ ಎರಡನೆಯ ಇಂಜೆಕ್ಷನ್ ಕೊಟ್ಟು, ಈಗ 50 ಮಿಲಿಗ್ರಾಂ ಗುಳಿಗೆಯನ್ನು ಜೊತೆಗೆ ಸುರು ಮಾಡು ಎಂದೆ. ಮಧ್ಯಾಹ್ನದ ತೂಕಡಿಕೆ ಹೋಗಿದೆ ಎಂದಷ್ಟೇ ಹೇಳಿದ. ಆರನೆಯ ವಾರ ಗಂಡ ಹೆಂಡತಿ ಇಬ್ಬರೂ ಬಂದರು. ಅವನು ಹೊರಗೆ ಬೆಂಚಿನ ಮೇಲೆ ಕೂತ, ಅವಳು ಒಳಗೆ ಬಂದಳು. ಹೇಗಿದೆ ಎಂದು ಕೇಳಿದೆ. "ಮಗ್ಗದ ಖೋಲಿಗೆ ಸಂಜೀಕ ಕೀಲಿ ಹಾಕಾಕ್ಹತ್ತೇವ್ರಿ" ಎಂದು ಹೇಳಿ, ಮುಖ ಆಚೆ ತಿರುಗಿಸಿದಳು. ಅವತ್ತು ಇಂಜೆಕ್ಷನ್ನಿಗೆ ಮೊದಲು ತೆಗೆದ ರಕ್ತದಲ್ಲಿ ಟೆಸ್ಟೊಸ್ಟೆರಾನ್ 410 ಇತ್ತು. ನಾನು ಆ ಸಂಖ್ಯೆಯನ್ನು ಹತ್ತು ಸಲ ಓದಿದೆ, ಅವಳ ಮಾತನ್ನು ನೂರು ಸಲ ನೆನೆದೆ. ಎರಡನೆಯ ಅಮಾವಾಸ್ಯೆಗೆ ಯಾವ ಹಿರಿಯರೂ ಕೂಡಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು. ಇವತ್ತಿಗೂ ಇದೆ, ಅದನ್ನು ವಿನಯದ ಮಾತಿನಲ್ಲಿ ಸುತ್ತಿಡುವ ಅಭ್ಯಾಸ ನನಗಿಲ್ಲ.

ಆ ತಿಂಗಳೇ ಬಡಿಗನನ್ನು ಕರೆಸಿ ಪರದೆ ತೆಗೆಸಿ, ಒಳಗಿನಿಂದ ಚಿಲಕವಿರುವ ಬಾಗಿಲು ಹಾಕಿಸಿದೆ. ಶಂಕ್ರಪ್ಪ ಮೂರು ವಾರಕ್ಕೊಮ್ಮೆ ತಪ್ಪದೆ ಬಂದ. ಮೂರು ತಿಂಗಳಿಗೊಮ್ಮೆ ರಕ್ತ ನೋಡುತ್ತಿದ್ದೆ. ಒಂದೂವರೆ ವರ್ಷದ ಮೇಲೆ ಗುಳಿಗೆ ಅಪರೂಪಕ್ಕೆ ಸಾಕಾಯಿತು, ಇಂಜೆಕ್ಷನ್ ಮುಂದುವರಿಯಿತು. ಬಾದಾಮಿ, ಹುನಗುಂದ, ಬಾಗಲಕೋಟೆ ಕಡೆಯಿಂದ ಇಂಥದೇ ತೊಂದರೆಯವರು ಬರತೊಡಗಿದರು. ಎಲ್ಲರಿಗೂ ಹಾರ್ಮೋನು ಬೇಕಿರಲಿಲ್ಲ. ಬೇಕಾದವರು ಕೆಲವರೇ. ಬೇಡದವರಿಗೆ ಎಷ್ಟು ಕಾಡಿದರೂ ನಾನು ಕೊಡಲಿಲ್ಲ, ಬೈದು ಕಳಿಸಿದೆ.

2009ರಲ್ಲಿ ಒಂದು ಬೆಳಗ್ಗೆ ಮಲ್ಲೇಶಪ್ಪ ಬಂದ. ಐದು ವರ್ಷದಲ್ಲಿ ಇಳಿದುಹೋಗಿದ್ದ, ಸಕ್ಕರೆ ಕಾಯಿಲೆ ಬಂದಿತ್ತು. ಮೊಣಕಾಲು ನೋವು ಎಂದ, ಖಣದ ವ್ಯಾಪಾರ ಮೊದಲಿನ ಹಾಗಿಲ್ಲ ಎಂದ, ಮಳೆ ಹೇಗೆ ಎಂದ. ನಾನು ಸಿಟ್ಟು ಮಾಡದೆ ಕಾದೆ. ಕೊನೆಗೆ, ಅಷ್ಟು ದೂರದಿಂದ ಮೊಣಕಾಲಿಗಾಗಿ ನನ್ನ ಹತ್ತಿರವೇ ಯಾಕೆ ಬಂದಿರಿ ಎಂದೆ. ಅವನು ಟೊಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಪಾರವ್ವ ಕಳಿಸ್ಯಾಳ್ರಿ. ‘ಅಣ್ಣಾ, ಅವರ ಮುಂದ ನಾಚಬ್ಯಾಡ. ತಾವು ತಪ್ಪಿದ್ದು ಹತ್ತು ಮಂದಿ ಮುಂದ ಒಪ್ಪಿಕೊಂಡ ಡಾಕ್ಟರ್ ಅವರು, ನಿನ್ನ ಮಾತು ಹೊರಗ ಹೋಗೂದಿಲ್ಲ’ ಅಂದ್ಲ್ರಿ."

ಮೂವತ್ತು ವರ್ಷದ ವೃತ್ತಿಯಲ್ಲಿ ನನ್ನ ಬಗ್ಗೆ ಬಹಳ ಒಳ್ಳೆಯ ಮಾತುಗಳನ್ನು ಕೇಳಿದ್ದೇನೆ. ನಾನು ಸರಿ ಮಾಡಿದ್ದಕ್ಕೆ ಜನ ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ನಂಬಿದ್ದು ನಾನು ತಪ್ಪನ್ನು ತಪ್ಪು ಎಂದದ್ದಕ್ಕೆ. ಇದು ನನ್ನ ಕೆಲಸ ನನಗೆ ಕಲಿಸಿದ ಪಾಠ, ಕಲಿಸಿದವಳು ಗುಳೇದಗುಡ್ಡದ ನೇಕಾರರ ಮನೆಯ ಮಗಳು. ನಾನು ಎದ್ದು ಬಾಗಿಲಿನ ಚಿಲಕ ಹಾಕಿ, ಮಲ್ಲೇಶಪ್ಪನವರನ್ನು ಮಂಚದ ಮೇಲೆ ಮಲಗಲು ಹೇಳಿದೆ.